ನೂರು ವೋಲ್ಟಿನ ನಾಡಿನಲ್ಲಿ ಮೊದಲ ಮೂರು ದಿನ

ಟೋಕಿಯೋದಿಂದ ನಗೋಯಾ ಕಡೆಗೆ ಹೊರಟ ಶಿಂಕಾನ್‌ಸೆನ್ ರೈಲು ಮುಕ್ಕಾಲು ಗಂಟೆ ಕಳೆದ ಮೇಲೆ ಫುಜಿ ನದಿಯ ಸೇತುವೆಗೆ ಬರುತ್ತದೆ. ಬಲಬದಿಯ ಕಿಟಕಿಯಲ್ಲಿ ಫುಜಿ ಪರ್ವತ ಕಾಣುವ ಜಾಗ ಅದು. ಆಕಾಶ ತಿಳಿಯಾಗಿದ್ದರೆ ಬೋಗಿಯ ಮೊಬೈಲುಗಳೆಲ್ಲ ಆ ಕಡೆಗೇ ತಿರುಗುತ್ತವೆ. ಕೆಳಗೆ ಹರಿಯುವ ನದಿಯನ್ನು ನೋಡುವವರು ಕಡಿಮೆ. ಆದರೆ ಜಪಾನಿನ ವಿದ್ಯುತ್ತನ್ನು ಎರಡು ಪಾಲು ಮಾಡುವ ಗೆರೆ ಹಾದುಹೋಗುವುದು ಇದರ ಗುಂಟವೇ. ನದಿಯ ಪೂರ್ವಕ್ಕಿರುವ ಟೋಕಿಯೋ ಸೀಮೆಯಲ್ಲಿ ಕರೆಂಟು 50 ಹರ್ಟ್ಸ್‌ನದು, ಪಶ್ಚಿಮಕ್ಕಿರುವ ನಗೋಯಾ, ಕ್ಯೋಟೋ, ಒಸಾಕಾ ಸೀಮೆಯಲ್ಲಿ 60 ಹರ್ಟ್ಸ್‌ನದು. ಒಂದೇ ದೇಶ, ಒಂದೇ ಭಾಷೆ, ಒಂದೇ ನಾಣ್ಯ. ಕರೆಂಟು ಮಾತ್ರ ಎರಡು.

ಪರದೇಶಕ್ಕೆ ಹೋದವರ ಮೊದಲ ಕೆಲವು ದಿನಗಳು ಇಂಥ ಕಣ್ಣಿಗೆ ಬೀಳದ ಗೆರೆಗಳನ್ನು ದಾಟುವುದರಲ್ಲೇ ಕಳೆಯುತ್ತವೆ. ವೀಸಾ ಆಗಿರುತ್ತದೆ, ಟಿಕೆಟ್ ಇರುತ್ತದೆ, ಹೋಟೆಲ್ ಗೊತ್ತಾಗಿರುತ್ತದೆ. ಆದರೂ ರಾತ್ರಿ ನಿದ್ದೆ ಹತ್ತುವುದಿಲ್ಲ, ಲ್ಯಾಪ್‌ಟಾಪಿನ ಪ್ಲಗ್ ಗೋಡೆಯ ಸಾಕೆಟ್ಟಿಗೆ ಕೂರುವುದಿಲ್ಲ, ಬ್ಯಾಂಕಿನ ಒಟಿಪಿ ಬರುವುದಿಲ್ಲ, ಬರೀ ತರಕಾರಿಯದೆಂದು ಕುಡಿದ ಸಾರಿನಲ್ಲಿ ಮೀನಿರುತ್ತದೆ. ಪ್ರವಾಸಿ ಕೈಪಿಡಿಗಳು ಇದಕ್ಕೆಲ್ಲ ಉದ್ದನೆಯ ಪಟ್ಟಿ ಕೊಡುತ್ತವೆ, ಕಾರಣ ಹೇಳುವುದು ಅಪರೂಪ. ಕಾರಣ ಗೊತ್ತಿದ್ದವರಿಗೆ ಪಟ್ಟಿಯಲ್ಲಿಲ್ಲದ ತೊಡಕು ಎದುರಾದಾಗಲೂ ದಾರಿ ಹೊಳೆಯುತ್ತದೆ ಎಂಬ ನಂಬಿಕೆಯಿಂದ ಈ ಅಧ್ಯಾಯ ಒಂದೇ ದೇಶವನ್ನು ಆರಿಸಿಕೊಂಡಿದೆ. ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿತಾಕ್ಕೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಹಾರಿಸುತ್ತದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರಿಂದ ವಾಹನ ತಯಾರಾಗುತ್ತಿವೆ, ಅದರ ಮಾತೃಸಂಸ್ಥೆ ಇರುವುದು ನಗೋಯಾ ಪಕ್ಕದ ಟೊಯೋಟಾ ನಗರದಲ್ಲಿ. ಹೀಗಾಗಿ ಕರ್ನಾಟಕದಿಂದ ಮೊದಲ ಸಲ ಜಪಾನಿಗೆ ಹೊರಡುವ ಎಂಜಿನಿಯರು, ವಿದ್ಯಾರ್ಥಿ, ಮಗನನ್ನೋ ಮಗಳನ್ನೋ ನೋಡಲು ಹೋಗುವ ಅಪ್ಪ ಅಮ್ಮ ಯಾವತ್ತೂ ಇದ್ದೇ ಇರುತ್ತಾರೆ.

ಮೊದಲು ನಿದ್ದೆಯ ವಿಚಾರ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಅಮೆರಿಕಕ್ಕೆ ಹೋದವರಿಗೆ ಹಗಲು ರಾತ್ರಿಯೇ ಅದಲುಬದಲಾಗುವಾಗ ಮೂರೂವರೆ ಗಂಟೆ ಯಾವ ಲೆಕ್ಕ ಅನ್ನಿಸಬಹುದು. ಆದರೆ ದೇಹಕ್ಕೆ ಗಂಟೆಯಷ್ಟೇ ಮುಖ್ಯವಾದದ್ದು ದಿಕ್ಕು. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ತರುಣ ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಎರಡು ತಿಂಗಳು ಕಳೆದ. ಅವನನ್ನು ಹೊರಗೆ ಕರೆದದ್ದು ಸೆಪ್ಟೆಂಬರ್ 14ರಂದು. ಅವನ ಎಣಿಕೆಯಲ್ಲಿ ಅಂದು ಆಗಸ್ಟ್ 20. ಸೂರ್ಯ ಕಾಣದಿದ್ದರೂ ಅವನ ದೇಹ ನಿದ್ದೆ ಎಚ್ಚರಗಳ ಲಯವನ್ನು ತಾನೇ ನಡೆಸಿಕೊಂಡು ಹೋಗಿತ್ತು, ಆದರೆ ಆ ದೇಹದ ದಿನ 24 ಗಂಟೆಗಿಂತ ತುಸು ಉದ್ದವಾಗಿತ್ತು. ನಮ್ಮ ದೇಶದಲ್ಲಿ ಇದೇ ಬಗೆಯ ಪ್ರಯೋಗಗಳನ್ನು ನಡೆಸಿದವರು ಎಂ.ಕೆ. ಚಂದ್ರಶೇಖರನ್. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಬೆಳಕು, ಸದ್ದು, ಗಡಿಯಾರ ಯಾವುದೂ ನುಸುಳದ ಕೋಣೆ ಕಟ್ಟಿಸಿ, ಸ್ವಇಚ್ಛೆಯಿಂದ ಬಂದವರನ್ನು ಅದರೊಳಗಿರಿಸಿ ಅವರು ಅಭ್ಯಾಸ ಮಾಡಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದು ಇಲ್ಲಿಯೂ ಜೈವಿಕ ಗಡಿಯಾರದ ಅಧ್ಯಯನಕ್ಕೆ ನೆಲೆ ಹಾಕಿದರು. 1999ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇನ್ನಷ್ಟು ಬಿಗಿಯಾದ ಅಳತೆ ಕೊಟ್ಟರು: ಮನುಷ್ಯನ ಒಳಗಡಿಯಾರದ ಒಂದು ದಿನ ಸರಾಸರಿ 24 ಗಂಟೆ 11 ನಿಮಿಷ.

ಆ ಹನ್ನೊಂದು ನಿಮಿಷವೇ ಪ್ರಯಾಣಿಕನ ಪಾಡನ್ನು ನಿರ್ಧರಿಸುತ್ತದೆ. ಸಹಜವಾಗಿ ಕೊಂಚ ಹಿಂದೆ ಬೀಳುವ ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ಎಳೆಯುವುದು ಸುಲಭ, ಮುಂದಕ್ಕೆ ತಳ್ಳುವುದು ಕಷ್ಟ. ಪಶ್ಚಿಮಕ್ಕೆ ಹೋದವರ ದಿನ ಹಿಗ್ಗುತ್ತದೆ, ಪೂರ್ವಕ್ಕೆ ಹೋದವರ ದಿನ ಕುಗ್ಗುತ್ತದೆ. ಟೋಕಿಯೋದಲ್ಲಿ ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿದ ಬೆಂಗಳೂರಿನವರ ದೇಹಕ್ಕೆ ಅದು ಸಂಜೆ ಏಳೂವರೆ. ಮಲಗುವ ವೇಳೆಗೆ ಎರಡು ಮೂರು ಗಂಟೆ ಮೊದಲಿನ ಆ ಹೊತ್ತಿನಲ್ಲಿ ದೇಹದ ಎಚ್ಚರ ದಿನದಲ್ಲೇ ಅತ್ಯಂತ ಬಲವಾಗಿರುತ್ತದೆ. ಎಷ್ಟು ಹೊರಳಾಡಿದರೂ ನಿದ್ದೆ ಹತ್ತದಿದ್ದರೆ ಅದು ಆತಂಕದಿಂದಲೋ ಹೊಸ ಹಾಸಿಗೆಯಿಂದಲೋ ಎಂದು ಯೋಚಿಸುತ್ತ ಕೂರಬೇಕಾಗಿಲ್ಲ.

ಈ ಗಡಿಯಾರ ಇರುವುದು ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಅದಕ್ಕೆ ಹೊರಗಿನ ಹೊತ್ತು ತಿಳಿಸುವುದು ಕಣ್ಣಿನ ಅಕ್ಷಿಪಟಲದಲ್ಲಿರುವ, ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುವ ವಿಶೇಷ ಕೋಶಗಳು. ದೇಹದ ಉಷ್ಣತೆ ದಿನದಲ್ಲೇ ಕನಿಷ್ಠ ಮಟ್ಟಕ್ಕಿಳಿಯುವುದು ಸಾಮಾನ್ಯವಾಗಿ ಏಳುವುದಕ್ಕೆ ಎರಡು ಗಂಟೆ ಮುಂಚೆ. ಆ ಕ್ಷಣ ಒಂದು ತಿರುವು. ಅದಕ್ಕೆ ಮೊದಲು ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ, ಆಮೇಲೆ ಬಿದ್ದ ಬೆಳಕು ಮುಂದಕ್ಕೆ ತಳ್ಳುತ್ತದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಏಳುವವರಿಗೆ ಈ ತಿರುವು ಬರುವುದು ನಾಲ್ಕರ ಸುಮಾರಿಗೆ, ಅಂದರೆ ಜಪಾನಿನ ಏಳೂವರೆಗೆ.

ಈಗ ಜೂನ್ ತಿಂಗಳ ಟೋಕಿಯೋವನ್ನು ನೋಡಿ. ಜಪಾನಿನ ಅಧಿಕೃತ ಸಮಯ ನಿಂತಿರುವುದು ಕೋಬೆ ಹತ್ತಿರದ ಅಕಾಶಿ ಊರಿನ ಮೇಲೆ ಹಾದುಹೋಗುವ 135 ಡಿಗ್ರಿ ರೇಖಾಂಶದ ಮೇಲೆ. ಟೋಕಿಯೋ ಅದಕ್ಕಿಂತ ಪೂರ್ವಕ್ಕಿದೆ, ಬೆಂಗಳೂರಿಗಿಂತ ಬಹಳ ಉತ್ತರಕ್ಕೂ ಇದೆ. ಬೇಸಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ ಅಲ್ಲಿಲ್ಲ. ಇವೆಲ್ಲ ಸೇರಿ ಜೂನಿನಲ್ಲಿ ಅಲ್ಲಿ ಸೂರ್ಯ ಮೂಡುವುದು 4 ಗಂಟೆ 25 ನಿಮಿಷಕ್ಕೆ; ಆಗ ಬೆಂಗಳೂರಿನ ದೇಹಕ್ಕೆ ಇನ್ನೂ ನಡುರಾತ್ರಿ, ಒಂದು ಗಂಟೆ. ಆ ಬಿಸಿಲಿಗೆ ಪರದೆ ತೆರೆದು ನಿಂತರೆ ಒಳಗಡಿಯಾರ ಬೇಕಾದದ್ದಕ್ಕೆ ತದ್ವಿರುದ್ಧ ದಿಕ್ಕಿಗೆ ಜಾರುತ್ತದೆ. ‘ಬೆಳಗಿನ ಬಿಸಿಲಿಗೆ ಹೋದರೆ ಸರಿಹೋಗುತ್ತದೆ’ ಎಂಬ ಸಾಮಾನ್ಯ ಸಲಹೆ ಮೊದಲ ದಿನ ಕೆಡುಕನ್ನೇ ಮಾಡಬಹುದು. ಮೊದಲ ಬೆಳಿಗ್ಗೆ ಎಂಟರವರೆಗೆ ದಪ್ಪ ಪರದೆ ಮುಚ್ಚಿರಲಿ, ಆಮೇಲೆ ಒಂದು ಗಂಟೆ ಬಯಲಿನಲ್ಲಿ ನಡೆಯಿರಿ. ಮರುದಿನ ಅದನ್ನು ಏಳಕ್ಕೆ, ಅದರ ಮರುದಿನ ಆರಕ್ಕೆ ತನ್ನಿ. ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ ಜರುಗಬಲ್ಲ ಗಡಿಯಾರವಾದ್ದರಿಂದ ಹೊಂದಿಕೊಳ್ಳಲು ಮೂರು ನಾಲ್ಕು ದಿನ ಬೇಕೇ ಬೇಕು. ಮುಖ್ಯವಾದ ಸಭೆಯನ್ನು ಇಳಿದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟುಕೊಳ್ಳುವ ಕಂಪನಿಗಳು ಇದನ್ನೊಮ್ಮೆ ಓದಬೇಕು.

ವಿಮಾನ ಇಳಿದ ಮೇಲೆ ಬೆರಳಚ್ಚು ಮತ್ತು ಫೋಟೋ ತೆಗೆಯುತ್ತಾರೆ. 2007ರ ನವೆಂಬರ್‌ನಿಂದ ವಿದೇಶಿಯರಿಗೆ ಇದು ಕಡ್ಡಾಯ. ‘ವಿಸಿಟ್ ಜಪಾನ್ ವೆಬ್’ ಎಂಬ ಸರ್ಕಾರಿ ತಾಣದಲ್ಲಿ ಊರಲ್ಲೇ ವಿವರ ತುಂಬಿ ಕ್ಯೂಆರ್ ಕೋಡ್ ಪಡೆದಿದ್ದರೆ ಕಾಗದ ಬರೆಯುವ ಕೆಲಸ ತಪ್ಪುತ್ತದೆ. ಕಷ್ಟ ಬರಬಹುದಾದದ್ದು ಸೂಟ್‌ಕೇಸಿನಲ್ಲಿ, ಅದರಲ್ಲೂ ಮಾತ್ರೆಯ ಡಬ್ಬಿಯಲ್ಲಿ.

1885ರಲ್ಲಿ ನಗಾಯಿ ನಗಾಯೋಶಿ ಎಂಬ ಜಪಾನಿ ರಸಾಯನಶಾಸ್ತ್ರಜ್ಞ ‘ಮಾ ಹುವಾಂಗ್’ ಎಂಬ ಚೀನೀ ಔಷಧಿ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದರು. ಮೂಗು ಕಟ್ಟಿದವರಿಗೆ, ಉಬ್ಬಸದವರಿಗೆ ಅದು ವರವಾಯಿತು. 1893ರಲ್ಲಿ ಅದೇ ಅಣುವಿನಿಂದ ಒಂದು ಆಕ್ಸಿಜನ್ ಪರಮಾಣುವನ್ನು ಕಿತ್ತು ಅವರೇ ಮೆಥಾಂಫೆಟಮಿನ್ ತಯಾರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಸೈನಿಕರ, ಕಾರ್ಮಿಕರ ನಿದ್ದೆ ಓಡಿಸುವ ಮಾತ್ರೆಯಾಯಿತು. ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಊರೂರು ಸೇರಿ ದೇಶವನ್ನೇ ಚಟಕ್ಕೆ ದೂಡಿತು. 1951ರಲ್ಲಿ ಜಪಾನ್ ಕಠಿಣ ಉತ್ತೇಜಕ ನಿಯಂತ್ರಣ ಕಾನೂನು ತಂದದ್ದು ಆ ಗಾಯದಿಂದ. ಎಫೆಡ್ರಿನ್‌ನ ಸೋದರ ಅಣು ಸ್ಯೂಡೊಎಫೆಡ್ರಿನ್. ಅದು ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಯನ್ನು ಪ್ರಯಾಣಿಕರು ಜಪಾನಿನೊಳಗೆ ಒಯ್ಯುವಂತಿಲ್ಲ. ವೈದ್ಯರ ಚೀಟಿ ಇದ್ದರೂ ನಡೆಯುವುದಿಲ್ಲ. ನಮ್ಮಲ್ಲಿ ಔಷಧಿ ಅಂಗಡಿಯ ಹುಡುಗ ನೆಗಡಿಗೆಂದು ಕತ್ತರಿಸಿ ಕೊಡುವ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಹೊರಡುವ ಮುನ್ನ ಓದಲೇಬೇಕು. ಬಿಪಿ, ಸಕ್ಕರೆ ಕಾಯಿಲೆಗಳ ಮಾಮೂಲಿ ಮಾತ್ರೆಗಳನ್ನು ಸ್ವಂತಕ್ಕೆ ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಮೊದಲೇ ಅರ್ಜಿ ಹಾಕಿ ಆಮದು ದೃಢೀಕರಣ ಪತ್ರ ಪಡೆಯಬೇಕು.

ತಾಯಂದಿರು ಪ್ರೀತಿಯಿಂದ ಕಟ್ಟಿಕೊಡುವ ಗಂಟಿನಲ್ಲೂ ಎರಡು ಬಗೆಯವನ್ನು ಬಿಡಬೇಕು. ಮಾಂಸದ ಪದಾರ್ಥ ಯಾವುದೂ ಕೂಡದು, ಕೋಳಿ ಕುರಿ ಉಪ್ಪಿನಕಾಯಿಯೂ ಸೇರಿ. ಹಸಿ ಹಣ್ಣು, ತರಕಾರಿ, ಸೊಪ್ಪುಗಳಿಗೆ ನಮ್ಮ ದೇಶದ ಸಸ್ಯಸ್ವಾಸ್ಥ್ಯ ಪ್ರಮಾಣಪತ್ರ ಬೇಕು. ಕೆಲವನ್ನು ಪ್ರಮಾಣಪತ್ರ ಇದ್ದರೂ ಬಿಡುವುದಿಲ್ಲ. ಒಂದು ಹಿಡಿ ಕರಿಬೇವಿಗೆ ಇಷ್ಟೇಕೆ ಎಂದರೆ, ಕರಿಬೇವು ಕಿತ್ತಳೆ ನಿಂಬೆಗಳ ಕುಲಕ್ಕೆ ಸೇರಿದ ಗಿಡ. ಅದರ ಎಲೆಯಲ್ಲಿ ವಾಸಿಸುವ ಸಿಲ್ಲಿಡ್ ಎಂಬ ಚುಕ್ಕೆಯಷ್ಟು ಕೀಟ ಕಿತ್ತಳೆ ತೋಟಗಳನ್ನೇ ಒಣಗಿಸುವ ಬ್ಯಾಕ್ಟೀರಿಯವನ್ನು ಹೊತ್ತು ತಿರುಗುತ್ತದೆ. ಕೊಡಗಿನ ಕಿತ್ತಳೆ ಬೆಳೆಗಾರರಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ.

ಇನ್ನು ಹಣ. ಜಪಾನಿನಲ್ಲಿ ನಗದು ಈಗಲೂ ಬೇಕು. ಸೆವೆನ್ ಇಲೆವೆನ್ ಅಂಗಡಿಗಳಲ್ಲಿರುವ ಎಟಿಎಂಗಳು, ಅಂಚೆ ಕಚೇರಿಯ ಎಟಿಎಂಗಳು ವಿದೇಶಿ ಕಾರ್ಡಿಗೆ ಯೆನ್ ಕೊಡುತ್ತವೆ. ಹಾಗಾಗಿ ಊರಲ್ಲಿ ಕಂತೆ ಕಂತೆ ನೋಟು ಬದಲಾಯಿಸಿಕೊಳ್ಳುವ ಅಗತ್ಯವಿಲ್ಲ. ಆದರೆ ಕಾರ್ಡು ಕೆಲಸ ಮಾಡಬೇಕಲ್ಲ! ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಭಾರತದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ; ವಿದೇಶದ ಬಳಕೆಯನ್ನು ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಎಟಿಎಂ ಅಥವಾ ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ, ಯೆನ್‌ನಲ್ಲೋ’ ಎಂದು ಕೇಳಿದರೆ ಯೆನ್ ಎಂದೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಆ ಯಂತ್ರದವರೇ ನಿಗದಿಪಡಿಸುತ್ತಾರೆ, ಅದು ಬಹುಮಟ್ಟಿಗೆ ದುಬಾರಿ. 2024ರ ಜುಲೈಯಲ್ಲಿ ಬಂದ ಹೊಸ 1,000 ಯೆನ್ ನೋಟಿನ ಮೇಲೆ ಕಿತಾಸಾಟೊ ಶಿಬಾಸಾಬುರೊ ಅವರ ಚಿತ್ರವಿದೆ. ಧನುರ್ವಾಯುವಿನ ಬ್ಯಾಕ್ಟೀರಿಯವನ್ನು 1889ರಲ್ಲಿ ಮೊದಲ ಬಾರಿಗೆ ಶುದ್ಧವಾಗಿ ಬೆಳೆಸಿದ ವಿಜ್ಞಾನಿ ಅವರು. ಎಟಿಎಂನಿಂದ ಬರುವ 10,000ದ ನೋಟನ್ನು ಮುರಿಸಿ ಕಿತಾಸಾಟೊ ಅವರ ನೋಟುಗಳನ್ನು ಕೈಯಲ್ಲಿಟ್ಟುಕೊಂಡರೆ ಮುಂದಿನ ಕೆಲಸ ಸಲೀಸು.

ಮುಂದಿನ ಕೆಲಸವೆಂದರೆ ರೈಲು ಕಾರ್ಡು. ಪೂರ್ವ ಜಪಾನ್ ರೈಲ್ವೆ 2001ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಸುಯಿಕಾ ಕಾರ್ಡು ಎಂಜಿನಿಯರಿಂಗಿನ ಒಂದು ಸೊಗಸು. ಟೋಕಿಯೋದ ನಿಲ್ದಾಣಗಳಲ್ಲಿ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟಿನ ಮೂಲಕ ನಿಮಿಷಕ್ಕೆ 60 ಜನ ಹಾದುಹೋಗಬೇಕು. ನಡೆಯುತ್ತಲೇ ಇರುವ ಮನುಷ್ಯನ ಕೈಯಲ್ಲಿರುವ ಕಾರ್ಡು ಗೇಟಿನ ಫಲಕದ ಹತ್ತಿರ ಸುಳಿದಾಡುವುದು ಕ್ಷಣಮಾತ್ರ. ಆ ಅವಧಿಯಲ್ಲಿ ಕಾರ್ಡಿಗೆ ಶಕ್ತಿ ಊಡಿ, ಅದರ ಗುರುತು ಪರೀಕ್ಷಿಸಿ, ಉಳಿಕೆ ಹಣ ಓದಿ, ಲೆಕ್ಕ ಮಾಡಿ, ಹೊಸ ಮೊತ್ತ ಬರೆದು ಮುಗಿಸಲು ಎಂಜಿನಿಯರುಗಳು ಇಟ್ಟುಕೊಂಡ ಗಡುವು 0.2 ಸೆಕೆಂಡು. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಗೇಟು ಹೊಮ್ಮಿಸುವ 13.56 ಮೆಗಾಹರ್ಟ್ಸ್ ಅಲೆಗಳಿಂದ ಒಳಗಿನ ತಂತಿಸುರುಳಿಯಲ್ಲಿ ಹುಟ್ಟುವ ಪುಟ್ಟ ವಿದ್ಯುತ್ತೇ ಚಿಪ್ಪನ್ನು ಎಬ್ಬಿಸುತ್ತದೆ. ನಮ್ಮ ಮೆಟ್ರೊ ಕಾರ್ಡಿನದೂ ಇದೇ ತರಂಗಾಂತರ. ಆದರೆ ಜಪಾನ್ ಆರಿಸಿಕೊಂಡದ್ದು ಸೋನಿ ಕಂಪನಿಯ ಫೆಲಿಕಾ ಎಂಬ ಬೇರೆಯದೇ ತಂತ್ರ. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಿಗೆ ಸಾಮಾನ್ಯವಾಗಿ ಅದರ ಏರ್ಪಾಡು ಇರುವುದಿಲ್ಲ, ಐಫೋನ್ 8 ಮತ್ತು ಅದರ ನಂತರದವುಗಳಿಗೆ ಇದೆ. ಮಿಕ್ಕವರು ಪ್ಲಾಸ್ಟಿಕ್ ಕಾರ್ಡನ್ನೇ ಕೊಳ್ಳುವುದು ಒಳ್ಳೆಯದು. ನಿಲ್ದಾಣದ ಯಂತ್ರಗಳಲ್ಲಿ ಅದಕ್ಕೆ ಹಣ ತುಂಬುವುದು ಬಹುಮಟ್ಟಿಗೆ ನಗದಿನಿಂದಲೇ.

ಇಲ್ಲೂ ಕಾಣದ ಗೆರೆಯೊಂದಿದೆ. ಸುಯಿಕಾ ಟೋಕಿಯೋದಲ್ಲೂ ನಡೆಯುತ್ತದೆ, ನಗೋಯಾದಲ್ಲೂ ನಡೆಯುತ್ತದೆ. ಆದರೆ ಟೋಕಿಯೋದಲ್ಲಿ ತೋರಿಸಿ ಒಳಹೊಕ್ಕು ನಗೋಯಾದಲ್ಲಿ ತೋರಿಸಿ ಹೊರಬರಲು ಆಗುವುದಿಲ್ಲ, ಎರಡೂ ಬೇರೆ ಬೇರೆ ವಲಯ. ದೂರದೂರಿಗೆ ಬೇರೆ ಟಿಕೆಟ್ ಕೊಳ್ಳಬೇಕು. ಶಿಂಕಾನ್‌ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗೆ ಮುಂಗಡ ಸೀಟು ಕಾದಿರಿಸಬೇಕು. ಇಡೀ ರಗಳೆಯೇ ಬೇಡವೆಂದರೆ ವಿಮಾನ ನಿಲ್ದಾಣದ ಕೌಂಟರಿನಲ್ಲೇ ಪೆಟ್ಟಿಗೆಯನ್ನು ‘ತಕ್ಕ್ಯೂಬಿನ್’ ಸೇವೆಗೆ ಒಪ್ಪಿಸಬಹುದು, ಸಾಮಾನ್ಯವಾಗಿ ಮರುದಿನ ಹೋಟೆಲಿಗೆ ಬಂದು ಸೇರುತ್ತದೆ.

ಕೋಣೆಗೆ ಬಂದು ಸಾಕೆಟ್ ನೋಡಿದರೆ ಅಲ್ಲಿರುವುದು ಎರಡು ಚಪ್ಪಟೆ ಸೀಳು. ನಮ್ಮ ಉರುಟು ಕಾಲಿನ ಪ್ಲಗ್ ಹೋಗುವುದಿಲ್ಲ, ಮೂರು ಕಾಲಿನದಂತೂ ಇಲ್ಲವೇ ಇಲ್ಲ. ಅಡಾಪ್ಟರ್ ಸಿಕ್ಕಿಸಿದರೆ ಆಕಾರದ ಸಮಸ್ಯೆ ತೀರುತ್ತದೆ, ವೋಲ್ಟಿನದು ತೀರುವುದಿಲ್ಲ. ಜಪಾನಿನ ಮನೆಗಳ ಕರೆಂಟು 100 ವೋಲ್ಟಿನದು, ಅಷ್ಟು ಕಡಿಮೆ ಇರುವ ದೇಶಗಳು ವಿರಳ. ಎಡಿಸನ್ ಕಾಲದ ಇಂಗಾಲದ ಎಳೆಯ ಬಲ್ಬುಗಳು ಸುಮಾರು 100 ವೋಲ್ಟನ್ನಷ್ಟೇ ತಾಳುತ್ತಿದ್ದವು. ಟೋಕಿಯೋದ ಮೊದಲ ವಿದ್ಯುತ್ ಕಂಪನಿ ಅಲ್ಲಿಂದಲೇ ಶುರುಮಾಡಿತು. ಬರ್ಲಿನ್ ನಗರ 1899ರಲ್ಲಿ 220 ವೋಲ್ಟಿಗೆ ಬದಲಾಯಿತು, ಯೂರೋಪ್ ಹಿಂಬಾಲಿಸಿತು. ಜಪಾನ್ ನೂರರಲ್ಲೇ ಉಳಿಯಿತು.

ಹರ್ಟ್ಸ್‌ನ ಕಥೆಯೂ ಆ ಕಾಲದ್ದೇ. 1895ರ ಸುಮಾರಿಗೆ ಟೋಕಿಯೋದ ಕಂಪನಿ ಜರ್ಮನಿಯ ಎಇಜಿ ಸಂಸ್ಥೆಯಿಂದ 50 ಹರ್ಟ್ಸ್‌ನ ಜನರೇಟರ್ ತರಿಸಿತು. ಒಂದೆರಡು ವರ್ಷದಲ್ಲೇ ಒಸಾಕಾದ ಕಂಪನಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ 60 ಹರ್ಟ್ಸ್‌ನದನ್ನು ತರಿಸಿತು. ಎರಡೂ ಊರುಗಳ ತಂತಿಗಳು ಮುಂದೊಂದು ದಿನ ಕೂಡಬಹುದೆಂದು ಆಗ ಯಾರೂ ಎಣಿಸಿರಲಿಲ್ಲ. ಮೈಸೂರು ಸಂಸ್ಥಾನದ ಅನುಭವವೂ ಇದಕ್ಕೆ ಹತ್ತಿರದ್ದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಜನರಲ್ ಎಲೆಕ್ಟ್ರಿಕ್‌ನ ಯಂತ್ರಗಳದ್ದು, ಅದರ ಆವರ್ತನ 25 ಹರ್ಟ್ಸ್. ಮುಂದೆ ನಾವು 50ಕ್ಕೆ ಬದಲಾಯಿಸಿಕೊಂಡೆವು. ಜಪಾನಿನಲ್ಲಿ ಎರಡೂ ಕಡೆ ಬೆಳೆದು ಬಲಿತದ್ದರಿಂದ ಯಾರೂ ಬದಲಾಗಲಿಲ್ಲ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಗಳಲ್ಲಿ ಪೂರ್ವದ ವಿದ್ಯುತ್ ಸ್ಥಾವರಗಳು ನಿಂತಾಗ ಪಶ್ಚಿಮದವರು ನೆರವಾಗಲು ಬಯಸಿದರೂ ಆವರ್ತನ ಬದಲಿಸುವ ಕೇಂದ್ರಗಳ ಸಾಮರ್ಥ್ಯ ಇದ್ದದ್ದು ಸುಮಾರು 1,000 ಮೆಗಾವ್ಯಾಟ್ ಮಾತ್ರ. ಟೋಕಿಯೋ ಸೀಮೆ ಪಾಳಿಯ ಪ್ರಕಾರ ಕತ್ತಲಲ್ಲಿ ಕೂರಬೇಕಾಯಿತು. 2021ರಲ್ಲಿ ಆ ಸಾಮರ್ಥ್ಯ 2,100 ಮೆಗಾವ್ಯಾಟಿಗೆ ಏರಿತು. ಅಂದಹಾಗೆ ಫುಜಿ ನದಿ ದಾಟುವ ಆ ರೈಲಿಗೆ ಮಾತ್ರ ಗಡಿ ಇಲ್ಲ. ಟೋಕಿಯೋ ಒಸಾಕಾ ನಡುವಿನ ಹಳಿಯ ಉದ್ದಕ್ಕೂ 60 ಹರ್ಟ್ಸ್‌ನ ಕರೆಂಟೇ ಹರಿಯುತ್ತದೆ. ಪೂರ್ವ ಭಾಗದಲ್ಲಿ ರೈಲ್ವೆಯವರೇ 50ನ್ನು 60 ಮಾಡಿಕೊಳ್ಳುತ್ತಾರೆ.

ಪ್ರಯಾಣಿಕರಿಗೆ ಇದರಿಂದ ಆಗುವುದೇನು? ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ ‘100-240 ವೋಲ್ಟ್, 50/60 ಹರ್ಟ್ಸ್’ ಎಂದು ಬರೆದಿರುತ್ತದೆ, ಅವಕ್ಕೆ ಅಡಾಪ್ಟರ್ ಸಾಕು. ಆದರೆ ಹಾಸ್ಟೆಲಿಗೆಂದು ಕೊಂಡ ಸಾವಿರ ವ್ಯಾಟಿನ ನೀರು ಕಾಯಿಸುವ ಕಾಯಿಲ್? ಕಾಯಿಲಿನ ತಾಪ ವೋಲ್ಟಿನ ವರ್ಗದಂತೆ ಇಳಿಯುತ್ತದೆ. 230ರ ಬದಲು 100 ವೋಲ್ಟ್ ಕೊಟ್ಟರೆ ಸಿಗುವುದು ಐದರಲ್ಲೊಂದು ಪಾಲಿಗೂ ಕಡಿಮೆ, ಸುಮಾರು 190 ವ್ಯಾಟ್. ಇಲ್ಲಿ ಆರು ನಿಮಿಷದೊಳಗೆ ಕುದಿಯುವ ಒಂದು ಲೀಟರ್ ನೀರು ಅಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಮಿಕ್ಸಿಯ ಮೋಟಾರು ಚಟ್ನಿ ರುಬ್ಬಲಾರದು. ವಾಪಸು ಬರುವಾಗ ಆಸೆಯಿಂದ ತರುವ ಜಪಾನಿ ರೈಸ್ ಕುಕ್ಕರಿಗೆ ಕಾದಿರುವುದು ಇದರ ಉಲ್ಟಾ. 100 ವೋಲ್ಟಿನ ಕುಕ್ಕರನ್ನು ನಮ್ಮ 230ಕ್ಕೆ ಚುಚ್ಚಿದರೆ ಐದು ಪಟ್ಟಿಗೂ ಹೆಚ್ಚು ಶಕ್ತಿ ನುಗ್ಗಿ ಅದು ಸುಟ್ಟುಹೋಗುತ್ತದೆ. ಅಲ್ಲೇ ಮನೆ ಮಾಡುವವರು ಹಳೆಯ ಮೈಕ್ರೋವೇವ್ ಒಲೆ ಕೊಳ್ಳುವಾಗ ‘50/60’ ಎಂದಿದೆಯೇ ನೋಡಬೇಕು. ಬರೀ 50 ಎಂದಿದ್ದರೆ ಟೋಕಿಯೋದಿಂದ ನಗೋಯಾಕ್ಕೆ ವರ್ಗವಾದ ದಿನ ಅದನ್ನು ಬಿಟ್ಟುಹೋಗಬೇಕಾಗುತ್ತದೆ. ನಮ್ಮ ಒಲೆಯ ಮೇಲಿನ ಪ್ರೆಶರ್ ಕುಕ್ಕರ್‌ಗೆ ಯಾವ ವೋಲ್ಟಿನ ಹಂಗೂ ಇಲ್ಲ. ಒಯ್ಯಲು ತಕ್ಕ ವಸ್ತುವೆಂದರೆ ಅದೇ.

ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು. ನಲ್ಲಿಯ ಬಾಯಿಗೆ ಬರುವವರೆಗೂ ಲೀಟರಿಗೆ ಕನಿಷ್ಠ 0.1 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಕಾನೂನೇ ಇದೆ. ಮೆದು ನೀರಾದ್ದರಿಂದ ಬೆಂಗಳೂರಿನ ಬೋರ್‌ವೆಲ್ ನೀರಿಗೆ ಒಗ್ಗಿದವರಿಗೆ ಸೋಪಿನ ನೊರೆ ಎಷ್ಟು ತೊಳೆದರೂ ಹೋಗದಂತೆ ತೋರುತ್ತದೆ.

ಊಟದಲ್ಲಿ, ಅದರಲ್ಲೂ ಸಸ್ಯಾಹಾರಿಗಳು ತಿಳಿದಿರಬೇಕಾದ ಒಂದು ಪದ ದಾಶಿ. ಜಪಾನಿ ಅಡುಗೆಯ ತಳಹದಿಯಾದ ತಿಳಿಸಾರು ಅದು. ಮಿಸೊ ಸೂಪು, ನೂಡಲ್ಸ್ ಮುಳುಗಿರುವ ರಸ, ಬೇಯಿಸಿದ ತರಕಾರಿ, ಮೊಟ್ಟೆಯ ಸುರುಳಿ ಎಲ್ಲದರಲ್ಲೂ ಇರುತ್ತದೆ. ಅದರ ಒಂದು ಅಂಗ ಕೋಂಬು ಎಂಬ ಕಡಲಕಳೆ. 1908ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಇಕೆದಾ ಕಿಕುನಾಯೆ ಅದನ್ನು ಕುದಿಸಿ ಬಸಿದು ಗ್ಲುಟಮೇಟ್ ಹರಳುಗಳನ್ನು ಪಡೆದರು. ಸಿಹಿ, ಹುಳಿ, ಉಪ್ಪು, ಕಹಿಗಳಿಗೆ ಸೇರದ ಆ ರುಚಿಯನ್ನು ಉಮಾಮಿ ಎಂದು ಕರೆದರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಶಿಂತಾರೊ ದಾಶಿಯ ಇನ್ನೊಂದು ಅಂಗದಲ್ಲಿ ಇನೊಸಿನೇಟ್ ಇರುವುದನ್ನು ಕಂಡುಹಿಡಿದರು. ಗ್ಲುಟಮೇಟ್ ಜೊತೆ ಇನೊಸಿನೇಟ್ ಕೂಡಿದರೆ ನಾಲಿಗೆಗೆ ತಾಗುವ ರುಚಿ ಎರಡರ ಮೊತ್ತಕ್ಕಿಂತ ಹಲವು ಪಟ್ಟು. ಜಪಾನಿ ಬಾಣಸಿಗರು ಆ ಎರಡನೆಯದನ್ನು ಬಿಡದಿರಲು ಇದೇ ಕಾರಣ. ಅದು ಬರುವುದು ಕತ್ಸುಒಬುಶಿಯಿಂದ, ಅಂದರೆ ಹೊಗೆಯಲ್ಲಿ ಒಣಗಿಸಿ ಹೆರೆದ ಮೀನಿನಿಂದ.

ಆದ್ದರಿಂದ ‘ಮಾಂಸ ಬೇಡ’ ಎಂದು ಹೇಳಿದರೆ ಸಾಲದು. ಬಡಿಸುವವರು ಮನಸಾರೆ ಮಾಂಸ ತೆಗೆದು, ಮೀನಿನ ಸಾರಿನಲ್ಲಿ ಬೇಯಿಸಿದ ತರಕಾರಿ ತಂದಿಡುತ್ತಾರೆ. ಅದರಲ್ಲಿ ಅವರ ಮೋಸವೇನೂ ಇಲ್ಲ. ‘ಮೀನಿನ ದಾಶಿಯೂ ಬೇಡ’ ಎಂಬ ಸಾಲನ್ನು ಜಪಾನಿ ಲಿಪಿಯಲ್ಲಿ ಮೊದಲೇ ಬರೆಸಿ ಫೋನಿನಲ್ಲಿ ಇಟ್ಟುಕೊಂಡಿರಬೇಕು. ಬೌದ್ಧ ಮಠಗಳ ಅಡುಗೆಯಾದ ಶೋಜಿನ್ ರ್‍ಯೋರಿಯಲ್ಲಿ ಮೀನಿಲ್ಲ; ಅಲ್ಲಿ ಕೋಂಬುವಿನ ಜೊತೆಗೆ ಒಣಗಿದ ಶಿಟಾಕೆ ಅಣಬೆ ಆ ಕೆಲಸ ಮಾಡುತ್ತದೆ. ಮೊದಲ ಎರಡು ದಿನಕ್ಕೆ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಜೊತೆಗಿದ್ದರೆ ಧೈರ್ಯ. ಅಕ್ಕಿ ಅಲ್ಲೇ ಸಿಗುತ್ತದೆ. ಆದರೆ ಅಲ್ಲಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ; ಅನ್ನ ಉದುರಾಗದೆ ಅಂಟಿಕೊಳ್ಳುತ್ತದೆ. ಸಾರನ್ನಕ್ಕಿಂತ ಮೊಸರನ್ನಕ್ಕೆ ಅದು ಹೆಚ್ಚು ಹೊಂದುತ್ತದೆ.

ನೆಲೆಸಲು ಹೋದವರು ಒಂದು ಗಡುವನ್ನು ನೆನಪಿಡಬೇಕು. ನರಿತಾದಂಥ ದೊಡ್ಡ ವಿಮಾನ ನಿಲ್ದಾಣದಲ್ಲಿ ಅವರಿಗೆ ನಿವಾಸಿ ಕಾರ್ಡು ಕೈಗೆ ಬರುತ್ತದೆ. ಮನೆ ಗೊತ್ತಾದ 14 ದಿನದೊಳಗೆ ಆ ವಿಳಾಸವನ್ನು ಸ್ಥಳೀಯ ಪೌರ ಕಚೇರಿಯಲ್ಲಿ ಬರೆಸಬೇಕು. ವಿಳಾಸವೂ ನಮ್ಮ ರೂಢಿಯದಲ್ಲ. ಹೆಚ್ಚಿನ ಊರುಗಳಲ್ಲಿ ಬೀದಿಗೆ ಹೆಸರಿಲ್ಲ; ಬಡಾವಣೆ, ಅದರೊಳಗಿನ ಭಾಗ, ಆ ಭಾಗದ ಕಟ್ಟಡಗಳ ಗುಂಪು, ಕೊನೆಗೆ ಮನೆ ಎಂದು ಸಂಖ್ಯೆಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತವೆ. ದಾರಿ ತಪ್ಪಿದವರಿಗೆ ಮೂಲೆ ಮೂಲೆಯಲ್ಲಿ ‘ಕೋಬಾನ್’ ಎಂಬ ಪುಟ್ಟ ಪೊಲೀಸ್ ಚೌಕಿ ಇದೆ. ದಾರಿ ಹೇಳುವುದು ಅಲ್ಲಿನವರ ನಿತ್ಯದ ಕೆಲಸ.

ಕೊನೆಯದಾಗಿ ಫೋನು, ಅದರಲ್ಲೂ ಸಿಮ್. ಜಗತ್ತೆಲ್ಲ ಜಿಎಸ್ಎಂ ಬಳಸುತ್ತಿದ್ದಾಗ ಜಪಾನ್ ತನ್ನದೇ ಬೇರೆ ಪದ್ಧತಿ ನಡೆಸುತ್ತಿತ್ತು. 2000ದ ಸುಮಾರಿನ ನಮ್ಮ ಮೊಬೈಲು ಅಲ್ಲಿ ಸುಮ್ಮನೆ ಕೂರುತ್ತಿತ್ತು. ಇಂದಿನ 4ಜಿ ಫೋನಿಗೆ ಆ ತೊಂದರೆ ಇಲ್ಲ. ಆದರೆ ಪ್ರವಾಸಿಗಳಿಗೆ ಮಾರುವ ಸಿಮ್ ಮತ್ತು ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ, ಕರೆಗೆ ನಂಬರ್ ಇರುವುದಿಲ್ಲ. ಬ್ಯಾಂಕಿನ ಒಟಿಪಿ ಬರುವುದು ಭಾರತದ ನಂಬರಿಗೇ ಆದ್ದರಿಂದ ಆ ಸಿಮ್ ಫೋನಿನಲ್ಲೇ ಇರಬೇಕು, ಅದರ ರೋಮಿಂಗನ್ನು ಊರಲ್ಲೇ ಚಾಲೂ ಮಾಡಿಸಿರಬೇಕು.

ಜಪಾನಿನಲ್ಲಿ ಫೋನಿಗೆ ಇನ್ನೊಂದು ಕೆಲಸವೂ ಇದೆ. ಭೂಮಿ ಕಂಪಿಸಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಆರೇಳು ಕಿಲೋಮೀಟರ್ ಓಡುತ್ತದೆ, ಅದರಿಂದ ಹಾನಿ ಕಡಿಮೆ. ಕಟ್ಟಡ ಅಲ್ಲಾಡಿಸುವ ಎರಡನೆಯದರ ವೇಗ ಸುಮಾರು ನಾಲ್ಕು ಕಿಲೋಮೀಟರ್. ನೂರು ಕಿಲೋಮೀಟರ್ ದೂರದಲ್ಲಿ ಇವೆರಡರ ನಡುವೆ ಸುಮಾರು ಹತ್ತು ಸೆಕೆಂಡಿನ ಅಂತರ ಸಿಗುತ್ತದೆ. ದೇಶದ ಉದ್ದಗಲಕ್ಕೂ ನೆಟ್ಟಿರುವ ಸಾವಿರಕ್ಕೂ ಹೆಚ್ಚು ಕಂಪನಮಾಪಕಗಳಲ್ಲಿ ಹತ್ತಿರದವು ಮೊದಲ ಅಲೆಯನ್ನು ಹಿಡಿದ ಕೂಡಲೇ ಗಣಕಗಳು ಎರಡನೆಯದರ ಬಲ ಅಂದಾಜಿಸಿ ಎಚ್ಚರಿಕೆ ಹೊರಡಿಸುತ್ತವೆ; 2007ರ ಅಕ್ಟೋಬರ್‌ನಿಂದ ಇದು ಜನಸಾಮಾನ್ಯರಿಗೂ ಸಿಗುತ್ತಿದೆ. ಮೊಬೈಲ್ ಟವರು ಆ ಸಂದೇಶವನ್ನು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಬಿತ್ತರಿಸುತ್ತದೆ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲುಗಳು ಒಟ್ಟಿಗೇ ಕಿರುಚಿ ಎಲ್ಲರನ್ನೂ ಬೆಚ್ಚಿಬೀಳಿಸಿದ ಪರೀಕ್ಷೆ ಇದೇ ತಂತ್ರದ್ದು. ಜಪಾನಿನಲ್ಲಿ ಆ ಸದ್ದು ಕೇಳಿದರೆ ಮೆಟ್ಟಿಲಿಗೆ ಓಡಬೇಡಿ. ಗಟ್ಟಿ ಮೇಜಿನ ಕೆಳಗೆ ಸೇರಿ ತಲೆ ರಕ್ಷಿಸಿಕೊಳ್ಳಿ. ಅಲುಗಾಟ ಜೋರಾಗಿದ್ದರೆ ಮನೆಯ ಗ್ಯಾಸ್ ಮೀಟರು ತಾನೇ ಗ್ಯಾಸ್ ನಿಲ್ಲಿಸುತ್ತದೆ, ಆಮೇಲೆ ಮೀಟರಿನ ಗುಂಡಿ ಒತ್ತಿ ಮರಳಿ ಪಡೆಯಬಹುದು.

ಹೊರದೇಶದಲ್ಲಿ ಕೊಂಡ ಎಲ್ಲ ಫೋನುಗಳಲ್ಲೂ ಆ ಎಚ್ಚರಿಕೆ ಮೊಳಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಜಪಾನಿನ ಪ್ರವಾಸೋದ್ಯಮ ಇಲಾಖೆಯ ಮೇಲ್ವಿಚಾರಣೆಯಲ್ಲಿ ತಯಾರಾದ ‘ಸೇಫ್ಟಿ ಟಿಪ್ಸ್’ ಆ್ಯಪನ್ನು ವಿಮಾನ ಹತ್ತುವ ಮೊದಲೇ ಹಾಕಿಕೊಳ್ಳಿ. ಅಲ್ಲಿ ಪೊಲೀಸರ ಸಂಖ್ಯೆ 110. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳಕ್ಕೆ 119. ಡೇಟಾ ಮಾತ್ರದ ಸಿಮ್‌ನಿಂದ ಈ ಎರಡಕ್ಕೂ ಕರೆ ಹೋಗುವುದಿಲ್ಲ. ಉಳಿದುಕೊಂಡ ಜಾಗಕ್ಕೆ ಹತ್ತಿರದ ಕೋಬಾನ್ ಎಲ್ಲಿದೆ, ಸಾರ್ವಜನಿಕ ಫೋನು ಎಲ್ಲಿದೆ ಎಂಬುದನ್ನು ಮೊದಲ ಸಂಜೆಯೇ ನೋಡಿಟ್ಟುಕೊಳ್ಳಿ. ಸಾರ್ವಜನಿಕ ಫೋನಿನಿಂದ 110 ಮತ್ತು 119ಕ್ಕೆ ನಾಣ್ಯ ಹಾಕದೆಯೇ ಕರೆ ಮಾಡಬಹುದು.